ಮಸ್ಕಿಯ ಬಂಡೆ, ಜೈಲಿನ ಬಾಗಿಲು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗೋ ದಾರಿಯಲ್ಲೇ ಮಸ್ಕಿ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆಯಲ್ಲಿ ಅಶೋಕನ ಹೆಸರು ಇತ್ತು. ಇದನ್ನ ಶಾಲೆಯಲ್ಲೇ ಓದಿದ್ದೀರಿ. ನನ್ನನ್ನ ಕಾಡೋದು ಬೇರೆ ವಿಷಯ, ವೀಕ್ಷಕರೇ.

ಅಶೋಕ ಕೈದಿಗಳ ಬಗ್ಗೆಯೂ ಬರೆಸಿದ್ದ. ಮಸ್ಕಿಯಲ್ಲಲ್ಲ, ಐದನೇ ಬಂಡೆಶಾಸನದಲ್ಲಿ. ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಅದಿದೆ. ಒಳಗಿರೋನಿಗೆ ಮಕ್ಕಳಿದ್ದಾರಾ, ವಯಸ್ಸಾಗಿದೆಯಾ ನೋಡಿ ನೆರವಾಗೋದು, ಬಿಡಿಸೋದು ಧರ್ಮಮಹಾಮಾತ್ರರ ಕೆಲಸ. ಮರಣದಂಡನೆಯಾದವನಿಗೆ 3 ದಿನದ ಬಿಡುವು. ಪಟ್ಟಕ್ಕೇರಿ 26 ವರ್ಷವಾಗುವಷ್ಟರಲ್ಲಿ 25 ಸಲ ಕೈದಿಗಳ ಬಿಡುಗಡೆ. ಗಲ್ಲನ್ನೇನೂ ಆತ ತೆಗೆದುಹಾಕಲಿಲ್ಲ, ಅದನ್ನೂ ಹೇಳಬೇಕು. ಆದ್ರೆ ಒಳಗಿರೋನಿಗೂ ಒಂದು ಮನೆ ಇದೆ ಅನ್ನೋದು ಆ ರಾಜನಿಗೆ ಗೊತ್ತಿತ್ತು.

ನಮಗೆ? ನಾವು ಟಿವಿಯವರು ಜೈಲಿನ ಗೇಟ್ ತನಕ ಓಡ್ತೀವಿ. ಆರೋಪಿ ಒಳಗೆ ಹೋದ, ಬ್ರೇಕಿಂಗ್ ನ್ಯೂಸ್ ಮುಗೀತು. ನಾನೂ ಹಾಗೇ ಎಷ್ಟೋ ಸಲ ಮೈಕ್ ಸುತ್ತಿಕೊಂಡು ವಾಪಸ್ ಬಂದಿದ್ದೇನೆ.

ಗೇಟ್ ದಾಟಿ ಒಳಗೆ ಹೋದವರು ರಂಗಾಯಣದ ಹುಲುಗಪ್ಪ ಕಟ್ಟೀಮನಿ. ಜೀವಾವಧಿ ಕೈದಿಗಳಿಗೇ ಬಣ್ಣ ಹಚ್ಚಿ, ಕಾರ್ನಾಡರ ‘ತಲೆದಂಡ’ವನ್ನೂ ಆಡಿಸಿದರು. ನಂಬರ್ ಆಗಿದ್ದವನು ಒಂದು ರಾತ್ರಿ ಬಸವಣ್ಣನಾಗಿ ಮಾತಾಡಿದ. ಜನ ಚಪ್ಪಾಳೆ ತಟ್ಟಿದ್ರು. ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಮತ್ತೆ ಜೈಲಿಗೇ ಹೋಗಬೇಕಿತ್ತು.