ಅಸಹ್ಯ ಯಾರದು?

ಬೆಳಗಾವಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕು ಒಂದು ಬೆಳಗ್ಗೆ ಗಲ್ಲ ಒತ್ತಿ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದರು. ಅವರ ಮನೆಮಾತು ಮರಾಠಿ. ‘ರಾತ್ರಿಯಿಂದ ಹಲ್ಲಿನ ನೋವು ಅಸಹ್ಯ ಆಗೇತ್ರಿ ವೈನಿ’ ಎಂದರು. ಅವ್ವ ಲವಂಗದ ಡಬ್ಬಿ ಹುಡುಕುತ್ತಲೇ, ‘ನೋವಿನಾಗ ಅಸಹ್ಯ ಎಲ್ಲಿಂದ ಬಂತ್ರಿ?’ ಎಂದಳು. ಕಾಕುಗೆ ನಗುವೂ ಬಂತು, ನಕ್ಕರೆ ನೋವೂ ಬಂತು.

ಇಬ್ಬರದೂ ಸರಿಯೇ. ಸಂಸ್ಕೃತದ ‘ಸಹ್’ ಧಾತುವಿಗೆ ತಾಳು ಎಂದು ಅರ್ಥ. ತಾಳಬಲ್ಲದ್ದು ಸಹ್ಯ, ತಾಳಲಾರದ್ದು ಅಸಹ್ಯ. ಮರಾಠಿ, ಹಿಂದಿ, ಮಲಯಾಳಂಗಳು ಈ ಅರ್ಥವನ್ನು ಹಾಗೇ ಇಟ್ಟುಕೊಂಡಿವೆ. ಅಲ್ಲಿ ನೋವು, ಬಿಸಿಲು, ಅಗಲಿಕೆ ಯಾವುದು ಬೇಕಾದರೂ ಅಸಹ್ಯವಾಗಬಹುದು. ಕನ್ನಡ ಮತ್ತು ತೆಲುಗು ಮಾತ್ರ ಈ ಪದವನ್ನು ಹಿಡಿದು ಮೂಗು ಮುಚ್ಚಿಕೊಂಡವು.

ಹಾಗೆಂದು ನಮಗೆ ಪದದ ಬರವೇನೂ ಇರಲಿಲ್ಲ. ಹೇಸಿಗೆ ನಮ್ಮದೇ ಮಾತು. ಹಳಗನ್ನಡದ ‘ಪೇಸು’ ನಡುಗನ್ನಡಕ್ಕೆ ಬರುತ್ತ ‘ಹೇಸು’ ಆಯಿತು. ಪಾಪ, ಆ ಕ್ರಿಯಾಪದ ಈಗ ಬಹುಮಟ್ಟಿಗೆ ನಿಷೇಧದಲ್ಲಿ ಬದುಕಿದೆ. ಕೊಲೆಗೂ ಹೇಸದವರು ಪತ್ರಿಕೆಯಲ್ಲಿ ದಿನವೂ ಸಿಗುತ್ತಾರೆ, ಹೇಸುವವರು ಸುದ್ದಿಯಾಗುವುದಿಲ್ಲ. ನಾಮಪದವೋ ಭಾವನೆಯಿಂದ ಜಾರಿ ವಸ್ತುವಿಗೇ ಅಂಟಿಕೊಂಡಿತು: ‘ಹೇಸಿಗೆ ತುಳಿದೆ’ ಎಂದರೆ ಏನು ತುಳಿದದ್ದು ಎಂದು ಯಾರೂ ಕೇಳುವುದಿಲ್ಲ. ಜುಗುಪ್ಸೆ ಕಾವ್ಯಮೀಮಾಂಸೆಯ ಪದ, ಬೀಭತ್ಸ ರಸದ ಸ್ಥಾಯಿಭಾವ. ಸಂತೆಯಲ್ಲಿ ಯಾರೂ ಅದನ್ನು ಬಳಸಿ ಜಗಳವಾಡಿದ್ದನ್ನು ನಾನು ಕೇಳಿಲ್ಲ.

ಅಸಹ್ಯಕ್ಕೆ ಮಾತ್ರ ಎಲ್ಲ ಕಡೆ ಕೆಲಸ. ಚರಂಡಿ ಅಸಹ್ಯ, ಬಸ್ಸಿನಲ್ಲಿ ದಿಟ್ಟಿಸುವವನ ನೋಟ ಅಸಹ್ಯ, ಮದುವೆಮನೆಯಲ್ಲಿ ಕುಡಿದು ಬಂದ ಮಾವನ ಕೂಗಾಟ ಅಸಹ್ಯ. ‘ನಾಕು ಮಂದಿ ಮುಂದ ಅಸಹ್ಯ ಮಾಡಬ್ಯಾಡ’ ಎಂದರೆ ಮಾನ ಕಳೆಯಬೇಡ ಎಂದರ್ಥ. ಹೇಳುವಾಗ ನಮ್ಮ ನಾಲಿಗೆ ‘ಹ್ಯ’ದ ಗೊಡವೆಗೆ ಹೋಗದೆ ‘ಅಸಯ್ಯ’ ಎಂದು ಮುಗಿಸುತ್ತದೆ. ಮುಂದೆ ಒಂದು ‘ಥೂ’ ಇದ್ದರೆ ವಾಕ್ಯವೇ ಬೇಕಿಲ್ಲ.

ಹಾಗಾದರೆ ಕಾಕುವಿನ ಹಲ್ಲುನೋವಿಗೆ ನಾವು ಏನನ್ನುತ್ತೇವೆ? ಬರೆಯುವಾಗ ‘ಅಸಹನೀಯ’. ಅದೇ ಧಾತುವಿಗೆ ಬೇರೆ ಪ್ರತ್ಯಯ ಹಚ್ಚಿ ಹಳೆಯ ಅರ್ಥಕ್ಕೆ ಹೊಸ ಮನೆ ಕಟ್ಟಿಕೊಟ್ಟೆವು. ಇನ್ನೊಂದು ಕವಲು ‘ಅಸಹನೆ’. ನನ್ನ ಕುತೂಹಲವೆಲ್ಲ ಇದರ ಮೇಲೆ. ಪಕ್ಕದವನ ಏಳಿಗೆ ನೋಡಿ ನನಗೆ ಅಸಹನೆಯಾದರೆ ಕೊರತೆ ನನ್ನದು. ತಾಳುವ ಶಕ್ತಿ ನನಗಿಲ್ಲ. ಅವನನ್ನೇ ಅಸಹ್ಯ ಎಂದುಬಿಟ್ಟರೆ ಕೊರತೆ ಅವನದಾಯಿತು. ತಾಳಲಾರದವನು ನಾನೇ ಆದರೂ ಕಲೆ ಅವನ ಮೈಮೇಲೆ. ಒಂದೇ ಧಾತು, ಎರಡು ಪದ, ನಡುವೆ ತಪ್ಪು ಮನೆ ಬದಲಾಯಿಸಿತು. ನಮ್ಮ ಊರುಗಳಲ್ಲಿ ಕೇರಿಗಳನ್ನು ದೂರ ಇಟ್ಟವರು ತಮಗೆ ಅಸಹನೆ ಇದೆ ಎಂದು ಒಪ್ಪಿಕೊಂಡದ್ದುಂಟೆ? ಅಸಹ್ಯ ಎಂದರು, ಮಡಿ ಎಂದರು, ಬಾಗಿಲು ಹಾಕಿಕೊಂಡರು.

12ನೇ ಶತಮಾನದಲ್ಲಿ ಬಸವಣ್ಣನವರು ಏಳು ‘ಬೇಡ’ಗಳನ್ನು ಹೇಳಿದ ವಚನ ನಮಗೆಲ್ಲ ಬಾಯಿಪಾಠ. ಕಳವು, ಕೊಲೆ, ಸುಳ್ಳು, ಸಿಟ್ಟು ಆದ ಮೇಲೆ ಐದನೆಯದಾಗಿ ಬರುವುದು ಅನ್ಯರ ಬಗೆಗಿನ ಅಸಹ್ಯ. ಶಾಲೆಯಲ್ಲಿ ನಾನು ಅದನ್ನು ಹೇಸಿಗೆ ಎಂದೇ ತಿಳಿದಿದ್ದೆ. ಈಗ ಓದುವಾಗ ಕಾಕುವಿನ ಅಸಹ್ಯವೂ ಕೇಳಿಸುತ್ತದೆ: ಬೇರೆಯವರನ್ನು ತಾಳಲಾರದವನಾಗಬೇಡ ಎಂದು. ಸಿಟ್ಟಿನ ಬೆನ್ನಿಗೇ ಬರುವುದರಿಂದ ಅಸಹನೆ ಎಂಬ ಅರ್ಥ ಹೆಚ್ಚು ಹೊಂದುತ್ತದೆ. ಆ ಕಾಲದ ಮೇಲು-ಕೀಳುಗಳನ್ನು ನೆನೆದರೆ ಹೇಸಿಗೆಯೇ ಸರಿ ಎನಿಸುತ್ತದೆ. ಪಂಡಿತರು ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. ನನಗೆ ಎರಡೂ ಬೇಕು.