ಅಮ್ಮನ ಸ್ಟೌ, ಅಪ್ಪನ ಜಾವಾ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಎರಡು ಸದ್ದುಗಳಿಂದ. ಅಡುಗೆಮನೆಯಲ್ಲಿ ಅಮ್ಮ ಹಚ್ಚುತ್ತಿದ್ದ ಪಂಪ್ ಸ್ಟೌವಿನ ಭುಸ್ಸೆಂಬ ಸದ್ದು ಒಂದು. ಅಂಗಳದಲ್ಲಿ ಅಪ್ಪ ಒದ್ದು ಎಬ್ಬಿಸುತ್ತಿದ್ದ ಜಾವಾ ಮೋಟಾರ್‌ಸೈಕಲ್ಲಿನದು ಇನ್ನೊಂದು. ಮೊದಲನೆಯದು ಹೆಂಗಸರಿಗೆ, ಎರಡನೆಯದು ಗಂಡಸರಿಗೆ ಸೇರಿದ್ದೆಂದು ಯಾರೂ ಹೇಳಿಕೊಡದೆಯೇ ತಿಳಿದಿದ್ದೆವು. ಎರಡೂ ಒಂದೇ ಕುಲದವೆಂದು ನನಗೆ ಗೊತ್ತಾದದ್ದು ಅಪ್ಪ ತೀರಿಕೊಂಡ ಮೇಲೆ.

ಅಪ್ಪ ಹೋದ ಮೇಲೆ ಮೂರು ವರ್ಷ ಗಾಡಿ ಹಿತ್ತಲಿನ ಶೀಟಿನ ಕೆಳಗೆ ನಿಂತೇ ಇತ್ತು. ಒಂದು ಸೋಮವಾರ ಅಣ್ಣ ಬೆಂಗಳೂರಿನಿಂದ ಬಂದು ಮೆಕ್ಯಾನಿಕ್ಕನ್ನು ಕರೆಸಿದ. ಅವನು ನಾಲ್ಕು ಸಲ ಒದ್ದು, "ಕಾರ್ಬೋರೇಟರ್ ಹೋಗಿದೆ ಸಾರ್, ಬಿಟ್ಬಿಡಿ" ಎಂದ. ಅಣ್ಣ ಗುಜರಿಯವನಿಗೆ ಭಾನುವಾರ ಬರಲು ಹೇಳಿದ. "ಅಲ್ಲಿಯವರೆಗೆ ನನಗೆ ಬಿಡು" ಎಂದೆ. "ನಿನಗೇನೇ ಗೊತ್ತು ಕಾರ್ಬೋರೇಟರು?" ಎಂದು ನಕ್ಕ. ಉತ್ತರ ನನ್ನಲ್ಲಿ ಇರಲಿಲ್ಲ.

ಮೈಸೂರಿನವರಿಗೆ ಜಾವಾ ಬರೀ ಗಾಡಿಯಲ್ಲ, ನೆಂಟ. ಹುಟ್ಟಿದ್ದು ಜೆಕ್ ದೇಶದಲ್ಲಿ, 1929ರಲ್ಲಿ; ಯಾನೆಚೆಕ್ ಎಂಬವನ ಹೆಸರಿನ ಮೊದಲೆರಡು ಅಕ್ಷರಕ್ಕೆ ಜರ್ಮನಿಯ ವಾಂಡರರ್ ಕಂಪನಿಯ ಮೊದಲೆರಡು ಅಕ್ಷರ ಸೇರಿ ಆದ ಹೆಸರದು. ರುಸ್ತುಂ ಇರಾನಿಯವರು ಅದನ್ನು ನಮ್ಮೂರಿಗೆ ತಂದರು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಆದರೆ ಅವುಗಳಲ್ಲಿ ಕಾರ್ಬೋರೇಟರಿಲ್ಲ.

ಈ ಕಾರ್ಬೋರೇಟರ್ ಎಂದರೇನು? ಹಿಂದೆ ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪು ನೆನಪಿದೆಯಲ್ಲ? ಗಾಳಿ ರಭಸವಾಗಿ ನುಗ್ಗಿದಾಗ ಕೆಳಗಿನ ದ್ರವ ಮೇಲೆದ್ದು ತುಂತುರಾಗುತ್ತದೆ. ಇಲ್ಲೂ ಅಷ್ಟೇ. ಎಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಗಾಳಿ ಜೆಟ್ ಎಂಬ ಹಿತ್ತಾಳೆಯ ಸಣ್ಣ ತೂತಿನಿಂದ ಪೆಟ್ರೋಲನ್ನು ಎಬ್ಬಿಸಿ ಮಂಜಾಗಿಸುತ್ತದೆ. ಹಂಗೆರಿಯ ಬಾಂಕಿ ಮತ್ತು ಚೊಂಕಾ ಎಂಬ ಇಬ್ಬರು 1893ರಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದರು. ಬೀದಿಯಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಕೊಳವೆಯೂದಿ ಹೂಗಳಿಗೆ ನೀರು ಸಿಂಪಡಿಸುವುದನ್ನು ಕಂಡು ಬಾಂಕಿಗೆ ಇದು ಹೊಳೆಯಿತೆಂದು ಕಥೆಯಿದೆ. ನಿಜವೋ ಸುಳ್ಳೋ, ಆ ಹುಡುಗಿಯ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಹೆಸರು ಉಳಿದ ಹೆಂಗಸೊಬ್ಬಳಿದ್ದಾಳೆ, ಜರ್ಮನಿಯ ಬರ್ತಾ ಬೆಂಜ್. ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಭಾವೀ ಗಂಡ ಕಾರ್ಲ್ ಬೆಂಜನ ಉದ್ಯಮಕ್ಕೆ ಕೊಡಿಸಿದವಳು. 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ತೌರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು ನೂರು ಕಿಲೋಮೀಟರು ದಾರಿ. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ಕಿತ್ತು ಚುಚ್ಚಿ ಬಿಡಿಸಿದಳು! ಮೋಟಾರು ಗಾಡಿಯ ಮೊದಲ ದೂರಪ್ರಯಾಣ ಹೆಂಗಸಿನದು. ದಾರಿಯ ರಿಪೇರಿಯೂ ಅವಳದೇ.

ಬರ್ತಾಳನ್ನು ನೆನೆದು ಸೆರಗು ಸಿಕ್ಕಿಸಿದೆ. ಅಪ್ಪ ಹೇಳುತ್ತಿದ್ದುದು ಒಂದೇ ಸೂತ್ರ: "ಪೆಟ್ರೋಲ್ ಎಲ್ಲಿಯವರೆಗೆ ಬಂದಿದೆ, ಮೊದಲು ನೋಡು." ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಟ್ಯಾಂಕು, ವಾಲ್ವು, ಪೈಪು ಎಂದು ನೋಡುತ್ತ ಬರುವುದಿಲ್ಲವೆ, ಹಾಗೆ. ಮುಚ್ಚಳ ತೆಗೆದರೆ ಹಳೇ ವಾರ್ನಿಷ್ ವಾಸನೆ. ನಿಂತ ಪೆಟ್ರೋಲಿನಲ್ಲಿ ಹಗುರವಾದದ್ದು ಆರಿಹೋಗಿ ಅಂಟು ಉಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ಬೇರೆ. 2025ರ ಹೊತ್ತಿಗೆ ಅದರ ಪಾಲು ಶೇ. 20 ಮುಟ್ಟಿತು. ಅದು ಗಾಳಿಯ ತೇವವನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಪ್ಪು ಗಾಡಿಯದಲ್ಲ, ಮೂರು ವರ್ಷ ಮರೆತ ನಮ್ಮದು.

ಟ್ಯಾಂಕು ಬರಿದು ಮಾಡಿ ತೊಳೆದೆ. ಮುಚ್ಚಳದಲ್ಲಿ ಗಾಳಿಯಾಡುವ ತೂತು ಬಿಡಿಸಿದೆ. ಅದು ಮುಚ್ಚಿದ್ದರೂ ಪೆಟ್ರೋಲ್ ಇಳಿಯದು. ಜಾಳಿಗೆಯ ತುಕ್ಕು ತೆಗೆದು, ಪೈಪು ಬದಲಿಸಿ, ಹೊಸ ಪೆಟ್ರೋಲಿಗೆ ಅಪ್ಪನ ಲೆಕ್ಕದಂತೆ ಲೀಟರಿಗೆ 40 ಮಿ.ಲೀ. ಆಯಿಲ್ ಬೆರೆಸಿ ಹಾಕಿದೆ. ಪೈಪಿನವರೆಗೆ ಧಾರೆ ಬಂತು. ಕಾರ್ಬೋರೇಟರಿನ ಪುಟ್ಟ ಗುಂಡಿ ಒತ್ತಿದರೆ ಪೆಟ್ರೋಲ್ ತುಳುಕಬೇಕು, ತುಳುಕಲಿಲ್ಲ. ಸ್ಪಾರ್ಕ್ ಪ್ಲಗ್ ಒಣಗಿತ್ತು. ಅಂದರೆ ಕಟ್ಟಿಕೊಂಡಿರುವುದು ಇಲ್ಲೇ.

ಬಿಚ್ಚಿದೆ. ಒಳಗೆ ಬೆಲ್ಲದ ಪಾಕದಂಥ ಕಂದು ಅಂಟು. ಜೆಟ್ಟನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಲಿಲ್ಲ. ಒಳಗೆ ಓಡಿ ಅಟ್ಟದಲ್ಲಿದ್ದ ಹಳೇ ಸ್ಟೌ ಪಿನ್ನು ತಂದೆ. ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಅಮ್ಮ ಒಮ್ಮೆಲೇ ಅಂದಳು: "ಅಯ್ಯೋ, ಚುಚ್ಚಬೇಡ ಕಣೇ! ತೂತು ದೊಡ್ಡದಾದ್ರೆ ಉರಿ ಹಳದಿ ಆಗುತ್ತೆ, ಪಾತ್ರೆಯೆಲ್ಲ ಮಸಿ."

ನಾನು ಬೆಕ್ಕಸಬೆರಗಾದೆ. ಅಪ್ಪನೂ ಇದನ್ನೇ ಹೇಳುತ್ತಿದ್ದರು: ಜೆಟ್ಟಿಗೆ ತಂತಿ ಹಾಕಬಾರದು, ತೂತು ಹಿಗ್ಗಿದರೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ, ಕಪ್ಪು ಪ್ಲಗ್. ಬರ್ತಾ ಚುಚ್ಚಿದ್ದು ಕೊಳವೆಯನ್ನು. ಇದು ಅಳತೆಯ ತೂತು. ಇಪ್ಪತ್ತು ವರ್ಷ ಅದೇ ತೂತನ್ನು ಕಾದವಳನ್ನು ಮಾತ್ರ ನಾವು ಯಾರೂ ಮೆಕ್ಯಾನಿಕ್ಕೆಂದು ಕರೆದಿರಲಿಲ್ಲ.

ಒಲೆಯಿಂದ ದೂರ, ಹಿತ್ತಲಲ್ಲೇ ಜೆಟ್ಟುಗಳನ್ನು ರಾತ್ರಿಯಿಡೀ ಪೆಟ್ರೋಲಿನಲ್ಲಿ ನೆನೆಸಿ, ಬೆಳಿಗ್ಗೆ ಸೈಕಲ್ ಪಂಪಿನಿಂದ ಊದಿದೆ. ಸಾಸಿವೆಗಿಂತ ಚಿಕ್ಕ ಬೆಳಕು ಕಂಡಿತು. ಶನಿವಾರ ಏಳನೇ ಒದೆತಕ್ಕೆ ಗಾಡಿ ಎದ್ದಿತು. ಆದರೆ ಹಿಡಿ ತಿರುಚಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. "ಉರಿ ಸಣ್ಣ ಮಾಡಿದ್ರೆ ಆರುತ್ತೆ ನೋಡು, ಸಣ್ಣ ತೂತಲ್ಲಿ ಇನ್ನೂ ಕಸ ಇದೆ" ಎಂದಳು ಅಮ್ಮ. ನಿಜ, ನಿಧಾನದ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಬೇರೆಯೇ ಇದೆ. ಮತ್ತೆ ಬಿಚ್ಚಿ ಅದನ್ನು ಊದಿದೆ. ಸಂಜೆ ಹೊತ್ತಿಗೆ ಆ ಹಳೇ ಸದ್ದು ಹಿತ್ತಲು ತುಂಬಿತು. ಅಮ್ಮ ಸೆರಗು ಕಣ್ಣಿಗೊತ್ತಿಕೊಂಡು, "ಹೊಗೆ ಕಣೇ" ಎಂದಳು.

ಭಾನುವಾರ ಗುಜರಿಯವನು ಬಂದ. ಅಣ್ಣ ನನ್ನ ಮುಖ ನೋಡಿದ, ಗಾಡಿಯನ್ನು ನೋಡಿದ, ಏನೂ ಹೇಳಲಿಲ್ಲ. ಅಮ್ಮ ಹಳೇ ಪೇಪರು ತೂಗಿಸಿ ಅವನನ್ನು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಸ್ಟೌ ಪಿನ್ನು ಎಲ್ಲಿಟ್ಟೆ? ತೆಗೆದ ಜಾಗದಲ್ಲೇ ಇಡು" ಎಂದಳು.