ಕಾರ್ಖಾನೆಯಿಂದ ಚಾವಣಿಗೆ: ಕಲ್ನಾರಿನ ಧೂಳು ಮತ್ತು ಕಾನೂನಿನ ಸರಹದ್ದು

1898ರಲ್ಲಿ ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ ಕಲ್ನಾರಿನ ಧೂಳಿನಿಂದ ಆಗುವ ಕೇಡನ್ನು ಸರ್ಕಾರಿ ವರದಿಯಲ್ಲಿ ದಾಖಲಿಸಿದರು. ಸೂಕ್ಷ್ಮದರ್ಶಕದಡಿ ಆ ಕಣಗಳು ಗಾಜಿನ ಚೂರಿನಂತೆ ಮೊನಚಾಗಿ ಕಂಡಿದ್ದವು. ಮೂರು ವರ್ಷಗಳ ಬಳಿಕ, 1901ರಲ್ಲಿ, ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಅದೇ ನಾರನ್ನು ಸಿಮೆಂಟಿಗೆ ಬೆರೆಸಿ ಹಾಳೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಸುಮಾರು ಒಂಬತ್ತು ಪಾಲು ಸಿಮೆಂಟು, ಒಂದು ಪಾಲು ನಾರು. ಯಂತ್ರವೂ ರಟ್ಟು ತಯಾರಿಸುವ ಮಾದರಿಯದೇ. ಬೆಂಕಿ ಹಿಡಿಯದ, ಗೆದ್ದಲು ತಿನ್ನದ, ಹೆಂಚಿಗಿಂತ ಬೇಗ ಹೊದಿಸಬಹುದಾದ ಅಗ್ಗದ ಸೂರು ಜಗತ್ತಿಗೆ ಸಿಕ್ಕಿತು. ಭಾರತದಲ್ಲಿ ಇದರ ತಯಾರಿಕೆ 1930ರ ದಶಕದಲ್ಲಿ ಶುರುವಾಯಿತು. ನಮ್ಮ ಊರುಗಳ ಶೀಟ್ ಮನೆ, ಕೋಳಿ ಫಾರಂ, ಗೋದಾಮುಗಳ ಹಿಂದಿರುವುದು ಇದೇ ಆವಿಷ್ಕಾರ. ಅಂದರೆ ಈ ಚಾವಣಿ ಹುಟ್ಟುವ ಮೊದಲೇ ಎಚ್ಚರಿಕೆ ಬರಹದಲ್ಲಿತ್ತು. ಮುಂದಿನ ನೂರು ವರ್ಷ ವೈದ್ಯರು ಅಪಾಯದ ವ್ಯಾಪ್ತಿಯನ್ನು ಹಿಗ್ಗಿಸುತ್ತ ಹೋದರು. ಕಾನೂನು ಮಾತ್ರ ಪ್ರತಿ ಬಾರಿಯೂ ಅದಕ್ಕಿಂತ ಚಿಕ್ಕ ವೃತ್ತವನ್ನೇ ಎಳೆಯಿತು.

1899ರಲ್ಲಿ ಲಂಡನ್ನಿನ ವೈದ್ಯ ಮಾಂಟೆಗ್ಯು ಮರ್ರೆ ಅವರಲ್ಲಿಗೆ ಉಸಿರಾಟದ ತೊಂದರೆಯಿಂದ ಬಂದ ಕಾರ್ಮಿಕನೊಬ್ಬ, ನಾರು ಹಿಂಜುವ ಕೊಠಡಿಯಲ್ಲಿ ತನ್ನೊಡನೆ ದುಡಿದ ಹತ್ತು ಮಂದಿಯಲ್ಲಿ ಉಳಿದಿರುವವನು ತಾನೊಬ್ಬನೇ ಎಂದಿದ್ದ. 1906ರಲ್ಲಿ ಮರ್ರೆ ಈ ಪ್ರಕರಣವನ್ನು ಸರ್ಕಾರಿ ಸಮಿತಿಯ ಮುಂದಿಟ್ಟರು. ಆದರೂ ಪರಿಹಾರಕ್ಕೆ ಅರ್ಹವಾದ ರೋಗಗಳ ಪಟ್ಟಿಗೆ ಇದು ಸೇರಲಿಲ್ಲ. ಕಾರ್ಖಾನೆ ತನಿಖಾಧಿಕಾರಿಗಳಾದ ಮೆರ್‌ವೆದರ್ ಮತ್ತು ಪ್ರೈಸ್ 363 ಕಾರ್ಮಿಕರನ್ನು ಪರೀಕ್ಷಿಸಿ, 95 ಮಂದಿಯ ಶ್ವಾಸಕೋಶ ಗಾಯಗಟ್ಟಿರುವುದನ್ನು 1930ರಲ್ಲಿ ವರದಿ ಮಾಡಿದ ಮೇಲಷ್ಟೇ ಬ್ರಿಟನ್ ಎಚ್ಚೆತ್ತಿತು. 1931ರ ನಿಯಮಗಳು ಬಂದವು. ಅವು ಅನ್ವಯಿಸಿದ್ದು ಕಾರ್ಖಾನೆಯೊಳಗಿನ ಕೆಲವು ನಿರ್ದಿಷ್ಟ ಕೆಲಸಗಳಿಗೆ. ಕಟ್ಟಡದಲ್ಲಿ ಅದೇ ವಸ್ತುವನ್ನು ಕೊಯ್ದು ಜೋಡಿಸುವವರ ರಕ್ಷಣೆಗೆ 1969ರ ನಿಯಮಗಳ ತನಕ ಕಾಯಬೇಕಾಯಿತು.

ಈ ಚರಿತ್ರೆಯ ನಿಜವಾದ ತಿರುವು ದಕ್ಷಿಣ ಆಫ್ರಿಕಾದ್ದು. ಕೇಪ್ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ನೀಲಿ ಕಲ್ನಾರಿನ ಗಣಿಗಳಿದ್ದವು. ಅಲ್ಲಿ ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ರೋಗಶಾಸ್ತ್ರಜ್ಞ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಅಂಥ 33 ಪ್ರಕರಣಗಳನ್ನು ಪ್ರಕಟಿಸಿದರು. ರೋಗಿಗಳಲ್ಲಿ ಅನೇಕರು ಗಣಿಗೆ ಇಳಿದವರೇ ಅಲ್ಲ; ಬಾಲ್ಯದಲ್ಲಿ ಆ ಸುತ್ತಿನ ಊರುಗಳಲ್ಲಿ ಬೆಳೆದವರು. ಐದು ವರ್ಷಗಳ ನಂತರ ಲಂಡನ್ನಿನಲ್ಲಿ ನ್ಯೂಹೌಸ್ ಮತ್ತು ಥಾಂಪ್ಸನ್ ಇದೇ ರೋಗದ 76 ಜನರ ಬದುಕಿನ ವಿವರ ಕೆದಕಿದರು. 31 ಮಂದಿ ಕಲ್ನಾರಿನ ಕೆಲಸ ಮಾಡಿದ್ದವರು. ಒಂಬತ್ತು ಮಂದಿ ಅಂಥ ಕೆಲಸಗಾರರ ಮನೆಯವರು, ಅವರಲ್ಲೂ ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದ ಹೆಂಗಸರೇ ಹೆಚ್ಚು. ಉಳಿದ 36ರಲ್ಲಿ 11 ಮಂದಿ ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು. ಕಲ್ನಾರಿನ ಕುರಿತು ಇಷ್ಟು ಮನಕಲಕುವ ಅಂಕಿಗಳನ್ನು ನಾನು ಬೇರೆಡೆ ಓದಿಲ್ಲ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರು ಆ ಕಾರ್ಖಾನೆಯ ರೋಗದಿಂದ ಸತ್ತಿದ್ದರು.

ಇಷ್ಟು ಅಲ್ಪ ಸಂಪರ್ಕ ಸಾಕಾಗುವುದಕ್ಕೆ ಕಾರಣ ನಾರಿನ ಆಕಾರ. ಅದು ಉದ್ದಕ್ಕೆ ಸೀಳುತ್ತ ಹೋಗಿ, ಕಣ್ಣಿಗೆ ಕಾಣದಷ್ಟು ತೆಳ್ಳಗಾಗಿ, ಉಸಿರಿನೊಡನೆ ಶ್ವಾಸಕೋಶದ ತಳ ಮುಟ್ಟುತ್ತದೆ. ಹೊರಗಿನ ಕಣಗಳನ್ನು ನುಂಗುವ ದೇಹದ ಕೋಶಗಳು ಉದ್ದನೆಯ ನಾರನ್ನು ಪೂರ್ತಿ ನುಂಗಲಾರವು. ಉರಿಯೂತ ವರ್ಷಗಟ್ಟಲೆ ನಿಲ್ಲುವುದಿಲ್ಲ. ರೋಗ ತಲೆಯೆತ್ತಲು ಇಪ್ಪತ್ತು, ನಲವತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಸಿಮೆಂಟಿನಲ್ಲಿ ಬಂಧಿಯಾದ ಬಿಳಿ ಕಲ್ನಾರು ನಿರಪಾಯಕಾರಿ ಎಂಬುದು ಉದ್ಯಮದ ಹಳೆಯ ವಾದ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಿಳಿಯೂ ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದೇ ವರ್ಗೀಕರಿಸಿದೆ. ಗಟ್ಟಿಯಾಗಿರುವ ಶೀಟಿನ ಕೆಳಗೆ ಮಲಗುವವನಿಗೆ ಅಪಾಯ ಕಡಿಮೆ, ಅದು ನಿಜ. ಆದರೆ ಬಿಸಿಲು ಮಳೆಗೆ ಮೇಲ್ಮೈಯ ಸಿಮೆಂಟು ಸವೆದು ನಾರು ಹೊರಬೀಳುತ್ತದೆ. ಶೀಟಿಗೆ ತೂತು ಕೊರೆದಾಗ, ಕಟಿಂಗ್ ಮಷಿನ್ನಿನಲ್ಲಿ ಕೊಯ್ದಾಗ, ಹಳೆಯದನ್ನು ಒಡೆದು ಬಿಸಾಡಿದಾಗ ಆ ಬಂಧನದ ವಾದ ನಿಲ್ಲುವುದಿಲ್ಲ.

ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಶಿಲಾಪಟ್ಟಿಯಲ್ಲೂ ಕಲ್ನಾರಿನ ನಿಕ್ಷೇಪಗಳಿವೆ. ಹೊಸ ಗಣಿ ಗುತ್ತಿಗೆ ಕೊಡುವುದನ್ನು ಕೇಂದ್ರ ಸರ್ಕಾರ 1980ರ ದಶಕದಲ್ಲೇ ನಿಲ್ಲಿಸಿತು; ರಷ್ಯಾ ಮೊದಲಾದ ದೇಶಗಳಿಂದ ಲಕ್ಷಗಟ್ಟಲೆ ಟನ್ ತರಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ನೆಲದಿಂದ ಅಗೆಯಲು ಅಪಾಯಕಾರಿಯಾದದ್ದು ಹಡಗಿನಲ್ಲಿ ಬಂದರೆ ಸುರಕ್ಷಿತವಾಗುವುದು ಹೇಗೆ? 1995ರಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಎತ್ತಿಹಿಡಿದು, ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಆದೇಶಿಸಿತು. ರೋಗದ ನಿಧಾನಗತಿಯನ್ನು ಅರಿತು ಬರೆದ ತೀರ್ಪು ಅದು. ಆದರೆ ಮೇಸ್ತ್ರಿಯ ಕೈಕೆಳಗೆ ದಿನಗೂಲಿಗೆ ಶೀಟು ಹೊದಿಸುವವನಿಗೆ, ಮುರಿದ ಚೂರುಗಳನ್ನು ಬುಟ್ಟಿಯಲ್ಲಿ ಹೊರುವವಳಿಗೆ ಯಾವ ಕಾರ್ಖಾನೆಯೂ ದಾಖಲೆ ಇಡುವುದಿಲ್ಲ. ಮುಂದೆ ಅವರಿಗೆ ಉಸಿರು ಕಟ್ಟಿದರೆ, ಹಿಂದೆ ಕೊಯ್ದ ಶೀಟಿನ ಬಗ್ಗೆ ವೈದ್ಯರು ಕೇಳುವ ಸಂಭವವೂ ಕಡಿಮೆ.

ಬ್ರಿಟನ್ 1999ರಲ್ಲಿ ಬಳಕೆ ನಿಷೇಧಿಸಿದರೂ ಅಲ್ಲಿಗೆ ಸುಮ್ಮನಾಗಲಿಲ್ಲ. ವಸತಿಯೇತರ ಕಟ್ಟಡಗಳಲ್ಲಿ ಕಲ್ನಾರು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಪತ್ತೆಹಚ್ಚಿ ಬರೆದಿಡುವ ಹೊಣೆಯನ್ನು 2002ರ ನಿಯಮಗಳಲ್ಲಿ ಕಟ್ಟಡದ ಉಸ್ತುವಾರಿ ಹೊತ್ತವರ ಮೇಲೆ ಹಾಕಿತು. ಪೋಲೆಂಡ್ 2032ರೊಳಗೆ ದೇಶದ ಅಷ್ಟೂ ಕಲ್ನಾರನ್ನು ತೆಗೆದುಹಾಕುವ ಗುರಿ ಇಟ್ಟುಕೊಂಡಿದೆ. ಇಲ್ಲಿ ಸಂಪೂರ್ಣ ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ನಿಷೇಧಕ್ಕೆ ಕಾಯದೆಯೂ ಕಟ್ಟಡಗಳ ಪಟ್ಟಿಯ ಕೆಲಸ ಶುರುಮಾಡಬಹುದು, ಮೊದಲು ಶಾಲೆ ಮತ್ತು ಅಂಗನವಾಡಿಗಳಿಂದ. ಶೀಟು ಇಳಿಸುವಾಗ ನೀರು ಚಿಮುಕಿಸಿ ಒದ್ದೆ ಮಾಡುವುದು, ಒಡೆಯದೆ ಇಡಿಯಾಗಿ ತೆಗೆಯುವುದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಗಿಸುವುದು, ಕೆಲಸದವರಿಗೆ ಬಟ್ಟೆಯ ಮಾಸ್ಕ್ ಬದಲು ಸೂಕ್ಷ್ಮ ಧೂಳು ತಡೆಯುವ ಉಸಿರುಪಟ್ಟಿ ಕೊಡುವುದು, ಆ ದಿನದ ಬಟ್ಟೆಯನ್ನು ಮನೆಗೆ ಒಯ್ಯದಂತೆ ನೋಡಿಕೊಳ್ಳುವುದು: ಇವಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ, ಟೆಂಡರಿನ ಷರತ್ತುಗಳಲ್ಲಿ ಬರೆದು ಹಣ ಮೀಸಲಿಟ್ಟರೆ ಆಯಿತು.